ನಾಳೆಯ ಪಾಠ ಯಾರ ಮನೆಯಲ್ಲಿ

ಊರಿನ ಶಾಲೆಯಲ್ಲಿ ಸೈನಿಕರು ಬೀಡುಬಿಟ್ಟು ಎರಡು ವರ್ಷವಾಗಿತ್ತು. ಮಕ್ಕಳು ಕಲಿತ ಅಕ್ಷರವನ್ನೂ ಮರೆಯುವುದನ್ನು ನೋಡಲಾರದೆ ಟೈಲರಮ್ಮ ಹೊಲಿಗೆ ಮೆಷಿನ್ನಿಗೆ ಬಟ್ಟೆ ಹೊದಿಸಿ ಪಾಠಕ್ಕೆ ನಿಂತಳು. ಅವಳು ಓದಿದ್ದು ಹತ್ತನೇ ಕ್ಲಾಸು. ಭಾಗಾಕಾರ ಕೈಕೊಟ್ಟರೆ ಕೊರಳಲ್ಲಿದ್ದ ಅಳತೆ ಟೇಪು ಹಿಡಿದು ಹೇಗೋ ಬಗೆಹರಿಸುತ್ತಿದ್ದಳು. ಹನ್ನೊಂದು ಮಕ್ಕಳು, ದಿನಕ್ಕೊಂದು ಮನೆಯ ಅಡುಗೆಕೋಣೆ. ದಿನವೂ ಒಂದೇ ಕಡೆ ಸೇರಿದರೆ ಕಾದಾಡುತ್ತಿದ್ದ ಎರಡೂ ಪಕ್ಷದ ಬಂದೂಕಿನವರ ಕಣ್ಣು ಬೀಳುತ್ತಿತ್ತು. ನಾಳೆ ಯಾರ ಮನೆ ಎಂಬುದನ್ನು ಎಲ್ಲೂ ಬರೆಯುವಂತಿಲ್ಲ. ಪಾಠ ಮುಗಿದ ಮೇಲೆ ಒಂದೊಂದು ಮಗುವಿನ ಕಿವಿಯಲ್ಲೂ ಹೇಳಿ ಕಳಿಸಬೇಕು.

ಆ ಬೆಳಿಗ್ಗೆ ಎಣಿಸಿದರೆ ಹತ್ತೇ ತಲೆ. ಬೇಕರಿಯವಳ ಮಗಳು, ಎಲ್ಲರ ಬಾಯಲ್ಲಿ ಮಾತಿನ ಮಲ್ಲಿ, ಬಂದಿರಲಿಲ್ಲ. ಜ್ವರ ಇಳಿದಿಲ್ಲವೇನೋ ಎಂದುಕೊಳ್ಳುವಷ್ಟರಲ್ಲಿ ಟೈಲರಮ್ಮನಿಗೆ ಥಟ್ಟನೆ ನೆನಪಾಯಿತು. ನಿನ್ನೆ ಮೈ ಬೆಚ್ಚಗಿದೆಯೆಂದು ಅವಳನ್ನು ಅರ್ಧ ಪಾಠಕ್ಕೇ ಮನೆಗೆ ಕಳಿಸಿದ್ದು ತಾನೇ. ಕಿವಿಯಲ್ಲಿ ಏನೂ ಹೇಳಿರಲಿಲ್ಲ. ಜ್ವರ ಬಿಟ್ಟಿದ್ದರೆ ಹುಡುಗಿ ನಿನ್ನೆಯ ಮನೆಗೇ, ಸೇತುವೆಯಾಚೆ ಬಡಗಿಯ ಮನೆಗೇ ಹೋಗಿರುತ್ತಾಳೆ. ಮುಂಜಾನೆ ಗುಂಡಿನ ಸದ್ದು ಬಂದದ್ದೂ ಆ ಕಡೆಯಿಂದಲೇ.

ಮಕ್ಕಳನ್ನು ಆ ದಿನ ಪಾಠವಿದ್ದ ಮನೆಯ ಅಜ್ಜಿಗೆ ಒಪ್ಪಿಸಿ ಹೊರಟಳು. ಓಡುವಂತಿಲ್ಲ, ಓಡುವವರನ್ನು ಕಂಡರೆ ತಡೆದು ನಿಲ್ಲಿಸುತ್ತಾರೆ. ಆಗಿದ್ದಕ್ಕೆ ಚಿಂತಿಸಿ ಫಲವಿಲ್ಲ ಎಂದು ಉಪದೇಶ ಮಾಡುವವರು ಅಂಥ ಸೇತುವೆಯ ಮೇಲೆ ಒಮ್ಮೆ ನಿಧಾನವಾಗಿ ನಡೆದು ನೋಡಲಿ.

"ಎಲ್ಲಿಗಮ್ಮ?" ಎಂದ ಕಾವಲಿನವನು.

"ಬಡಗಿ ಹೆಂಡ್ತಿ ಬಟ್ಟೆ ಅಳತೆ ತಗೋಬೇಕಿತ್ತಪ್ಪ," ಎಂದು ಟೇಪು ತೋರಿಸಿದಳು. ಅವನು ಬಿಟ್ಟ.

ಬಡಗಿಯ ಮನೆಗೆ ಬೀಗ. ಹಿತ್ತಿಲಿಗೆ ಹೋದರೆ ಹಲಗೆಗಳ ರಾಶಿಯ ಸಂದಿಯಲ್ಲಿ ಹುಡುಗಿ ಮುದುರಿ ಕೂತಿದ್ದಳು. ಹೆದರಿ ಬಟ್ಟೆ ಒದ್ದೆ ಮಾಡಿಕೊಂಡಿದ್ದಳು. ಟೈಲರಮ್ಮನಿಗೆ ಹೋದ ಜೀವ ಬಂದಂತಾಯಿತು.

"ನಾನು ಜಾಸ್ತಿ ಮಾತಾಡ್ತೀನಿ ಅಂತ ನನ್ನ ಬಿಟ್ಬಿಟ್ರಾ?"

"ಇಲ್ಲ ಪುಟ್ಟ. ನಿಂಗೆ ಹೇಳೋದನ್ನ ನಾನೇ ಮರೆತೆ."

ತಾಯಿಗೆ ಹೇಳದೆ ಮುಚ್ಚಿಡಬಹುದಿತ್ತು. ಟೈಲರಮ್ಮ ನೇರ ಬೇಕರಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಬೇಕರಿಯವಳು ಹಿಟ್ಟು ನಾದುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು. ಆಮೇಲೆ ಅಂದಳು, "ಇನ್ನು ಕಳಿಸಲ್ಲ ಅಕ್ಕಾ. ನೀವು ಬೇಜಾರು ಮಾಡ್ಕೊಂಡ್ರೂ ಸರಿ."

ತಪ್ಪು ತನ್ನದೇ ಆಗಿರುವಾಗ ಏನು ವಾದ ಮಾಡುವುದು? ಬಾಗಿಲವರೆಗೆ ಹೋದವಳು ತಿರುಗಿ ಬಂದು, ಬೇಕರಿಯವಳ ಕಿವಿಯ ಬಳಿ ಬಗ್ಗಿ ನಾಳೆ ಯಾರ ಮನೆ ಎಂದು ಹೇಳಿದಳು.

ಮರುದಿನವೂ ಹತ್ತೇ ತಲೆ. ಮಗ್ಗಿ ಹೇಳಿಸುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಮಕ್ಕಳು ಮಗ್ಗಿ ನಿಲ್ಲಿಸಿದರು. ಟೈಲರಮ್ಮ ಚಿಲಕ ತೆಗೆದಳು. ಬೇಕರಿಯವಳು ಮಗಳೊಂದಿಗೆ ನಿಂತಿದ್ದಳು.

"ಒಬ್ಬಳನ್ನೇ ಕಳಿಸಲ್ಲ," ಎಂದಳು.

ಇಬ್ಬರೂ ಹಿಂದಿನ ಸಾಲಿನಲ್ಲಿ ಕೂತರು. ಪಾಠ ಮುಗಿಯುವವರೆಗೂ ತಾಯಿ ಮಗಳ ಫ್ರಾಕಿನ ಅಂಚನ್ನು ಮುಷ್ಟಿಯಿಂದ ಬಿಡಲಿಲ್ಲ. ಬಿಡು ಎಂದು ಟೈಲರಮ್ಮನೂ ಹೇಳಲಿಲ್ಲ.