ಪಿತೃಪಕ್ಷದಲ್ಲಿ ಶುರುವಾದ ಸೋಲಾರ್

ಗುಂಯ್ ಎನ್ನುವ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ನವಿ ಮುಂಬಯಿಯ ವಾಶಿಯಲ್ಲಿ ನನ್ನ ತಮ್ಮನ ಹೋಟೆಲಿನ ಟೆರೇಸಿನ ಮೇಲೆ, ಮುಚ್ಚಿದ ಬಾಗಿಲಿನ ಹಿಂದೆ, ಯಾರೂ ಇಲ್ಲದ ಕೋಣೆಯಲ್ಲಿ ಅದು ಎದ್ದಿತ್ತು.

ಆ ವರ್ಷ ತಮ್ಮ ಬ್ಯಾಂಕ್ ಲೋನ್ ಮಾಡಿ ಟೆರೇಸ್ ತುಂಬ ಸೋಲಾರ್ ಪ್ಯಾನೆಲ್ ಹಾಕಿಸಿದ್ದ. ಧೈರ್ಯ ಕೊಟ್ಟವರು ಡೊಂಬಿವಲಿಯ ಆಡಿಟರ್, ಧಾರವಾಡದ ಕಡೆಯವರು. ಸೋಲಾರಿನ ಬೆಲೆಯ ದೊಡ್ಡ ಪಾಲನ್ನು ಮೊದಲ ವರ್ಷವೇ ಡಿಪ್ರಿಸಿಯೇಷನ್, ಅಂದರೆ ಸವಕಳಿ, ಎಂದು ಲೆಕ್ಕದಲ್ಲಿ ತೋರಿಸಿದರೆ ಟ್ಯಾಕ್ಸ್ ಉಳಿಯುತ್ತದೆ. ಉಳಿದದ್ದರಲ್ಲಿ ಕಂತು ಹೋಗುತ್ತದೆ. ಒಂದೇ ಕಂಡಿಷನ್, ಮಾರ್ಚ್ ಮುಗಿಯುವುದರೊಳಗೆ ಯಂತ್ರ ಅರ್ಧ ವರ್ಷವಾದರೂ ಓಡಿರಬೇಕು, ಅಂದರೆ ಅಕ್ಟೋಬರ್ ಮೊದಲ ದಿನಗಳೊಳಗೆ ಶುರುವಾಗಬೇಕು. ತಡವಾದರೆ ಲಾಭವೂ ಅರ್ಧ, ಕಂತು ತಪ್ಪಿದರೆ ಹೋಟೆಲೇ ಬ್ಯಾಂಕಿನ ಪಾಲು. ಮಳೆಗೆ ಕೆಲಸ ಹಿಂದೆ ಬಿದ್ದು, ಗಡುವು ಬಂದು ನಿಂತದ್ದು ಪಿತೃಪಕ್ಷದಲ್ಲಿ.

"ಪಕ್ಷದಲ್ಲಿ ಹೊಸತು ಎಂತದೂ ಶುರು ಮಾಡುವ ಕ್ರಮ ಇಲ್ಲ" ಎಂದ ತಮ್ಮ.

"ಅಣ್ಣಾರ, ಟ್ಯಾಕ್ಸಿನವ್ರಿಗೆ ನಿಮ್ಮ ಕ್ರಮ ಗೊತ್ತಿಲ್ರಿ" ಎಂದು ಆಡಿಟರ್ ನಕ್ಕರು. "ನವರಾತ್ರಿಗೆ ಶುರು ಮಾಡಿದ್ರ ಅರ್ಧಾ ಹೋತು. ದೇವಿ ಬಂದು ಕಂತು ಕಟ್ತಾಳೇನು?"

ತಮ್ಮ ನನ್ನ ಕಡೆ ತಿರುಗಿದ. "ಅಕ್ಕ, ನಾವು ಶುರು ಮಾಡುವುದು ಬೇಡ. ಅಪ್ಪ ಮಾಡಲಿ."

ಹೋಟೆಲ್ ಕಟ್ಟಿದ ಅಪ್ಪ ತೀರಿಹೋಗಿ ವರ್ಷಗಳಾಗಿದ್ದವು.

"ಡೋಂಟ್ ಬಿ ಸಿಲ್ಲಿ, ಮಾರಾಯ" ಎಂದೆ.

"ಹ್ಞಾಂ, ಕಾನ್ವೆಂಟಿನವಳು ಮಾತಾಡಿದಳು!"

ನಮ್ಮ ಊರಿನ ಕಡೆ ಸತ್ತವರಿಗೆ ಬಡಿಸಿ, ಬಾಗಿಲು ಮುಚ್ಚಿ, ಮನೆಯವರು ಹೊರಗೆ ನಿಲ್ಲುತ್ತೇವೆ. ಅವರು ಬಂದು ಉಂಡು ಹೋಗಬೇಕು. ಹಾಗೆಯೇ ಟೆರೇಸಿನ ಇನ್ವರ್ಟರ್ ಕೋಣೆಯಲ್ಲಿ ಬಾಳೆಲೆ ಹಾಸಿ, ಅಪ್ಪನಿಗೆ ಇಷ್ಟವಾದ ಬಂಗುಡೆ ಮೀನಿನ ಗಸಿ ಬಡಿಸಿ, ಸ್ವಿಚ್ ಮುಟ್ಟದೆ ಬಾಗಿಲು ಮುಚ್ಚಿ ಹೊರಗೆ ಬಂದೆವು. ಮಟಮಟ ಮಧ್ಯಾಹ್ನ. ಕೆಳಗೆ ಮಾರ್ಕೆಟ್ಟಿನ ಲಾರಿಗಳ ಹಾರ್ನ್ ಕೂಡ ನಿಂತಂತಿತ್ತು. ಆಗ ಒಳಗೆ ಏನೋ ಟಕ್ ಎಂದಿತು. ಹಿಂದೆಯೇ ಆ ಗುಂಯ್.

"ಆಟೋ ಸ್ಟಾರ್ಟ್ ಹೋಗಾ, ಆಂಟೀಜಿ" ಎಂದಳು ನಮ್ಮೊಂದಿಗೆ ನಿಂತಿದ್ದ ಸೋಲಾರ್ ಕಂಪನಿಯ ಇಂಜಿನಿಯರ್, ತಾನಾಗಿಯೇ ಚಾಲೂ ಆಗಿರಬೇಕು ಎಂದು. ಒಳಗೆ ಹೋಗಿ ನೋಡಲು ಮಾತ್ರ ಅವಳೂ ಮುಂದಾಗಲಿಲ್ಲ.

ಗಡುವಿನೊಳಗೆ ಯಂತ್ರ ಶುರುವಾದ ಸರ್ಟಿಫಿಕೇಟ್ ಬಂತು, ಟ್ಯಾಕ್ಸ್ ಉಳಿಯಿತು, ಹೋಟೆಲೂ ಉಳಿಯಿತು. ತಮ್ಮ ಮಾತ್ರ ಆ ಕೋಣೆಯನ್ನು ಬಾಗಿಲು ತಟ್ಟದೆ ತೆರೆಯುತ್ತಿರಲಿಲ್ಲ.

ಮುಂದಿನ ವರ್ಷ ಆಡಿಟರ್ ಲೆಕ್ಕ ತೋರಿಸಿದರು. ಮೇಲೆ ಥಳಥಳ ಹೊಳೆಯುತ್ತಿದ್ದ ಪ್ಯಾನೆಲ್‌ಗಳ ಬೆಲೆ ಕಾಗದದಲ್ಲಿ ಅರ್ಧದ ಹತ್ತಿರ ಕರಗಿತ್ತು. ತಮ್ಮನ ಮುಖ ಬಿಳಿಚಿಕೊಂಡಿತು.

"ಅಪ್ಪ ಶುರು ಮಾಡಿಕೊಟ್ಟದ್ದನ್ನು ಇಷ್ಟು ಬೇಗ ತಿಂದುಬಿಟ್ಟೆವಾ?"

"ಪೇಪರ್ ಮ್ಯಾಲ ಅಷ್ಟ ರೀ, ಅಣ್ಣಾರ!"

ಅವನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಅಂದಿನಿಂದ ದಿನಾ ಮಧ್ಯಾಹ್ನ ಅಪ್ಪನ ಊಟದ ಎಲೆ ಹಿಡಿದು ಮೇಲೆ ಹೋಗತೊಡಗಿದ. ಪೂರ್ ಥಿಂಗ್, ಎಷ್ಟು ಸೊರಗಿದ್ದ!

ಅವನನ್ನು ಜೀವಂತ ಕಂಡ ಕೊನೆಯ ಸಲ, ಸಾನಪಾಡಾದ ನನ್ನ ಮನೆಯಿಂದ ಬಂದವಳು ಅವನ ಹಿಂದೆಯೇ ಟೆರೇಸ್ ಹತ್ತಿದ್ದೆ. ಅವನು ಬಾಗಿಲು ತಟ್ಟಿ, ತಲೆ ವಾಲಿಸಿ ಆಲಿಸಿದ.

"ನೀನು ಇಲ್ಲೇ ನೆರಳಲ್ಲಿ ಇರು ಅಕ್ಕ. ಇವತ್ತು ಒಟ್ಟಿಗೆ ಉಣ್ಣುವ ಅಂತಿದ್ದಾರೆ ಅಪ್ಪ."

ಚಪ್ಪಲಿ ಹೊರಗೆ ಬಿಟ್ಟು, ಎಲೆಯೊಂದಿಗೆ ಒಳಗೆ ಹೋಗಿ, ಚಿಲಕ ಹಾಕಿಕೊಂಡ.