ಎಳೆಗೆ ಸೇರದ ಎಂಟು ಚುಕ್ಕಿ

ದೆವ್ವ, ಶಕುನ, ಸೂಚನೆ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಕಾಫಿ ಮಾಡಲು ಹೋಗುತ್ತಿದ್ದೆ. ಅಂಥ ಕಥೆ ಹೇಳುವವರಿಗೆ ಮಾಡಲು ಬೇರೆ ಕೆಲಸವಿಲ್ಲ ಎಂದೇ ನನ್ನ ಅಭಿಪ್ರಾಯ. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನಗುವವರು ನಗಲಿ, ನಾನೂ ಬೇಕಾದಷ್ಟು ನಕ್ಕಿದ್ದೇನೆ.

ನಾಲ್ಕು ವರ್ಷದ ಹಿಂದಿನ ಮಾತು. ಇಲ್ಲಿ ಸಿಂಗಪುರದಲ್ಲಿ, ಟೋವಾ ಪಾಯೋದ ಒಂದು ಆಫೀಸಿನಲ್ಲಿ ಹಳೆಯ ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಆಗ ಕೈಗೆ ಬಂದದ್ದು ಆಸ್ಟ್ರೇಲಿಯಾದ ಒಳನಾಡಿನಲ್ಲಿ, ನದಿ ದಂಡೆಯಲ್ಲಿರುವ ಒಂದು ಸಣ್ಣ ಊರು. ಆ ಊರು ಹುಟ್ಟಿದ ಕಥೆ ನನಗೆ ಬಾಯಿಪಾಠವಾಗಿಬಿಟ್ಟಿತ್ತು. ಉಣ್ಣೆ ಹೇರಿಕೊಂಡು ಬಂದ ಎತ್ತಿನ ಗಾಡಿಗಳು ಪ್ರವಾಹ ಇಳಿಯಲೆಂದು ದಿನಗಟ್ಟಲೆ ದಡದಲ್ಲಿ ಕಾಯುತ್ತಿದ್ದವಂತೆ. ಕಾಯುವವರನ್ನು ನೋಡಿ ಒಬ್ಬ ತೆಪ್ಪ ಹಾಕಿದ, ಇನ್ನೊಬ್ಬ ಹೆಂಡದಂಗಡಿ ತೆರೆದ, ಗಾಡಿ ರಿಪೇರಿಗೆ ಕಮ್ಮಾರ ಬಂದ. ಆಮೇಲೆ ಸರ್ಕಾರದ ಸರ್ವೆಯವನು ಸರಪಳಿ ಹಿಡಿದು ಬಂದು ಬೀದಿಗಳಿಗೆ ಗೂಟ ಹೊಡೆಸಿದ. ಅವನ ನೋಟ್‌ಬುಕ್ಕಿನ ಫೋಟೋಗಳೇ ನನ್ನ ಮುಂದಿದ್ದದ್ದು. ನಾನು ಮಾಡಿಕೊಡುವ ನಕ್ಷೆ ನೋಡಿಕೊಂಡು ಊರಿನವರು ನದಿಯ ತಿರುವಿನಲ್ಲಿ ಕಾರು ನಿಲ್ಲಿಸುವ ಜಾಗ ಕಟ್ಟುವವರಿದ್ದರು.

ಆ ತಿರುವಿನಲ್ಲೇ ಸರ್ವೆಯವನು ಏಳು ಪುಟ್ಟ ಸೊನ್ನೆ ಬರೆದಿದ್ದ. ಪಕ್ಕದಲ್ಲಿ ಮಾಸಿದ ಅಕ್ಷರಗಳಲ್ಲಿ, ಇವು ಮೊದಲಿನಿಂದ ಇಲ್ಲಿದ್ದ ಜನರ ಗೋರಿಗಳು ಎಂದಿತ್ತು. ಓದಲಾಗಲಿಲ್ಲ ಎಂದು ಸುಳ್ಳು ಹೇಳಲಾರೆ, ಓದಿದೆ. ಆದರೆ ನಕ್ಷೆಯಲ್ಲಿ ಗುರುತಿಸಬೇಕಾದವುಗಳ ನಮ್ಮ ಪಟ್ಟಿಯಲ್ಲಿ ಇದ್ದದ್ದು ರಸ್ತೆ, ಮನೆ, ಬೇಲಿ, ಮರ. ಗೋರಿ ಇರಲಿಲ್ಲ. ಪ್ರಶ್ನೆ ಕಳಿಸಿದರೆ ಉತ್ತರಕ್ಕೆ ವಾರ ಹಿಡಿಯುತ್ತಿತ್ತು, ಕೆಲಸ ಒಪ್ಪಿಸಬೇಕಾದದ್ದು ಅದೇ ಶುಕ್ರವಾರ. ಯಾವುದಕ್ಕೂ ಹೊಂದದ್ದನ್ನು ಮರ ಎಂದು ಹಾಕಿ ಕೈತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿ. ಏಳು ಮರ ಹಾಕಿ ಕಳಿಸಿಬಿಟ್ಟೆ.

ಆಗ ಮೈಸೂರಿನಿಂದ ನನ್ನ ಅತ್ತೆ ಬಂದು ಪುಂಗೋಲಿನ ನಮ್ಮ ಫ್ಲ್ಯಾಟಿನಲ್ಲಿದ್ದರು. ದಿನಾ ಬೆಳಿಗ್ಗೆ ಕಾರಿಡಾರಿನಲ್ಲಿ, ಬಾಗಿಲ ಮುಂದೆ ಚುಕ್ಕಿ ಇಟ್ಟು ಎಳೆ ರಂಗೋಲಿ ಹಾಕುತ್ತಿದ್ದರು. ಎಳೆ ಎಲ್ಲ ಚುಕ್ಕಿಗಳನ್ನೂ ಸುತ್ತಿ ಬರಬೇಕು. ಒಂದು ಹೊರಗುಳಿದರೂ ಅಷ್ಟನ್ನೂ ಅಳಿಸಿ ಮತ್ತೆ ಹಾಕುವ ಹೆಂಗಸು ಅವರು.

ಶನಿವಾರ ಬೆಳಿಗ್ಗೆ ಹಾಲು ತರಲು ಬಾಗಿಲು ತೆಗೆದವಳು ಹೊಸ್ತಿಲಲ್ಲೇ ನಿಂತೆ. ನೆಲದ ಮೇಲೆ ಒಂದೇ ಎಳೆ, ಮೂರು ವಾರದಿಂದ ನಾನು ಕಣ್ಣು ನೆಟ್ಟು ನೋಡಿದ್ದ ಅದೇ ತಿರುವು. ತಿರುವಿನ ಒಳಗೆ ಏಳು ಚುಕ್ಕಿ. ಸ್ವಲ್ಪ ದೂರದಲ್ಲಿ ಇನ್ನೊಂದು, ಸಣ್ಣದು. ಯಾವುದನ್ನೂ ಎಳೆ ಸುತ್ತಿರಲಿಲ್ಲ.

“ಏನತ್ತೆ ಇದು, ಚುಕ್ಕಿಗಳನ್ನ ಹಾಗೇ ಬಿಟ್ಟಿದ್ದೀರಲ್ಲ?”

“ಗೊತ್ತಾಗ್ತಿಲ್ಲ ಕಣಮ್ಮ. ಎಳೆ ತಗೊಂಡು ಹೋದ್ರೆ ಅಲ್ಲಿಗೆ ಕೈಯೇ ಹೋಗ್ಲಿಲ್ಲ.”

“ಇದೊಂದು ಯಾಕೆ ಇಷ್ಟು ಸಣ್ಣಕ್ಕಿದೆ?”

“ಅದಿನ್ನೂ ಕೂಸು ಕಣೇ,” ಎಂದು ಒಳಗೆ ಹೋದರು. ಮಧ್ಯಾಹ್ನ ಮತ್ತೆ ಕೇಳಿದರೆ, “ನಾನೆಲ್ಲಿ ಹಾಗಂದೆ? ನಿನಗೇನು ತಲೆ ಕೆಟ್ಟಿದೆಯಾ?” ಎಂದು ರೇಗಿದರು.

ಆ ನಕ್ಷೆ ಆಫೀಸು ಬಿಟ್ಟು ಹೊರಗೆ ಬರುವಂತಿಲ್ಲ. ಅತ್ತೆಯ ಎದುರು ನಾನು ಕೆಲಸದ ಮಾತು ಎತ್ತಿದವಳೇ ಅಲ್ಲ. ನನ್ನ ಗಂಡ ಮಾತ್ರ, “ಮೂರು ವಾರದಿಂದ ಅದೇ ನದಿ ನೋಡಿದ್ದೀಯ, ಈಗ ದೋಸೆಯಲ್ಲೂ ನದಿ ಕಾಣತ್ತೆ. ಎರಡು ದಿನ ಲೀವ್ ಹಾಕು,” ಎಂದು ನಕ್ಕ. ನಾನೂ ಆ ಎಂಟನೆಯ ಚುಕ್ಕಿಯನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಅಲ್ಲಿ ಏಳು, ಇಲ್ಲಿ ಎಂಟು, ಅಂದಮೇಲೆ ಕಾಕತಾಳೀಯ. ಆದರೂ ಆ ಎರಡು ದಿನ ಅನ್ನ ಸರಿಯಾಗಿ ಸೇರಲಿಲ್ಲ.

ಸೋಮವಾರ ಆಫೀಸಿಗೆ ಹೋದವಳೇ ಆ ಪುಟದ ಫೋಟೋ ತೆರೆದೆ. ಏಳೇ ಇತ್ತು. ಸದ್ಯ, ಬದುಕಿದೆ ಎಂದುಕೊಂಡೆ. ಅಷ್ಟರಲ್ಲಿ ಪುಟದ ಅಂಚು ನೋಟ್‌ಬುಕ್ಕಿನ ಹೊಲಿಗೆಯ ಸಂದಿನೊಳಗೆ ಮಡಿಸಿಕೊಂಡಿರುವುದು ಕಣ್ಣಿಗೆ ಬಿತ್ತು. ಪುಟವನ್ನು ಬಿಡಿಸಿ ಇನ್ನೊಂದು ಫೋಟೋ ಕಳಿಸಿ ಎಂದು ಆ ಊರಿಗೆ ಬರೆದೆ. ಗುರುವಾರ ಬಂತು. ಮಡಿಕೆಯಲ್ಲಿ, ಉಳಿದವುಗಳಿಂದ ಸ್ವಲ್ಪ ದೂರದಲ್ಲಿ, ಎಂಟನೆಯ ಸೊನ್ನೆ ಇತ್ತು. ಬೇರೆಯವುಗಳ ಅರ್ಧದಷ್ಟೂ ಇರಲಿಲ್ಲ.

ಆವತ್ತೇ ಮ್ಯಾನೇಜರ್ ಹತ್ತಿರ ಹೋಗಿ ಮರದ ವಿಷಯ ಒಪ್ಪಿಕೊಂಡೆ. ರಂಗೋಲಿಯ ವಿಷಯ ಹೇಳಲಿಲ್ಲ. “ನಿಮ್ಮ ಪಾಸ್ ರಿನ್ಯೂವಲ್ ಇದೇ ತಿಂಗಳು, ನೆನಪಿದೆ ತಾನೇ?” ಎಂದರು. ನೆನಪಿತ್ತು. ಆ ಪಾಸ್ ಇಲ್ಲದಿದ್ದರೆ ಈ ದೇಶದಲ್ಲಿ ಕೆಲಸ ಮಾಡುವಂತಿಲ್ಲ, ಹೆದರಿಕೆಯೂ ಇತ್ತು. ಆದರೂ ತಿದ್ದಿದ ನಕ್ಷೆ ಹೋಯಿತು. ಪಾಸ್ ಹೇಗೋ ಉಳಿಯಿತು. ಕಾರು ನಿಲ್ಲಿಸುವ ಜಾಗವನ್ನು ಬೇರೆ ಕಡೆಗೆ ಬದಲಾಯಿಸಿದರು ಎಂದು ಆಮೇಲೆ ತಿಳಿಯಿತು.

ಅತ್ತೆಯ ಕೈಗೆ ಅದು ಹೇಗೆ ಬಂತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವರು ಮೈಸೂರಿಗೆ ಹೋದ ಮೇಲೆ ರಂಗೋಲಿ ಹಾಕುವುದು ನನ್ನ ಪಾಲಿಗೆ ಬಂದಿದೆ. ಚುಕ್ಕಿ ಇಡುವಾಗೆಲ್ಲ ಎಣಿಸುತ್ತೇನೆ, ಎಳೆ ಎಳೆದ ಮೇಲೆ ಮತ್ತೆ ಎಣಿಸುತ್ತೇನೆ. ಆ ಊರಿಗಿಂತ ಮೊದಲೂ ಎಷ್ಟೋ ಊರುಗಳ ನಕ್ಷೆ ಮಾಡಿದ್ದೇನೆ, ಎಲ್ಲದರಲ್ಲೂ ಮರ ಹಾಕಿದ್ದೇನೆ.