ನೀಲಕ್ಕನ ಖಾನಾವಳಿಯಲ್ಲಿ ಎಪ್ಪತ್ತರ ದಶಕ

ಪುಣೆಗೆ ಬಂದ ಮೊದಲ ದಿನ ನಾನೂ ನಮ್ಮ ಮನೆಯವರೂ ಒಂದು ಹಲಗೆಯ ಮುಂದೆ ಸುಮಾರು ಮೂರು ತಾಸು ಕೂತಿದ್ದೆವು. ಸದಾಶಿವ ಪೇಠದ ಹಳೆಯ ವಾಡೆಯೊಂದರ ಬಾಗಿಲಿಗೆ ಮೊಳೆ ಹೊಡೆದು ಕೂರಿಸಿದ ಕರಿ ಹಲಗೆ ಅದು. ಮನೆಯವರು ಮರಾಠಿ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿ ಹೇಳಿದರು: 'ಒಂದರಿಂದ ನಾಲ್ಕರವರೆಗೆ ಬಾಗಿಲು ಬಡಿಯಬಾರದು. ಬಡಿದರೆ ತೆರೆಯುವುದಿಲ್ಲ. ತೆರೆದರೆ ಬೈಸಿಕೊಳ್ಳಬೇಕಾದೀತು.' ತಮಾಷೆ ಇರಬೇಕೆಂದು ನಾನು ಬಡಿಯಲು ಕೈ ಎತ್ತಿದೆ. ಎದುರು ಮನೆಯ ಕಿಟಕಿಯಿಂದ ಮುದುಕರೊಬ್ಬರು ತಲೆ ಹೊರಹಾಕಿ, ಹಲಗೆಯ ಕಡೆ ಬೆರಳು ತೋರಿಸಿ ಒಳಗೆ ಹೋದರು. ಆಗ ಗಂಟೆ ಒಂದೂಕಾಲು. ಟ್ರಂಕಿನ ಮೇಲೆ ಕೂತೆವು. ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ.

ನಮ್ಮ ಗಜೇಂದ್ರಗಡದಲ್ಲಿ ಮಧ್ಯಾಹ್ನ ಯಾರ ಮನೆಯ ಬಾಗಿಲೂ ಹಾಕಿರುವುದಿಲ್ಲ. ಸಂತೆಗೆ ಬಂದವರು ಗುರುತಿಲ್ಲದ ಮನೆಯ ಕಟ್ಟೆಯ ಮೇಲೆ ಮಲಗಿ, ಎದ್ದು, ನೀರು ಕೇಳಿ ಕುಡಿದು ಹೋಗುತ್ತಾರೆ. ಇಲ್ಲಿ ನಾವು ಮುಂಗಡ ಕೊಟ್ಟು ಗೊತ್ತು ಮಾಡಿಕೊಂಡಿದ್ದ ಮನೆಯ ಹೊರಗೆ ನೀರಡಿಸಿ ಕೂತಿದ್ದೆವು. ಸರಿಯಾಗಿ ನಾಲ್ಕಕ್ಕೆ ಬಾಗಿಲು ತೆರೆಯಿತು. ಮನೆಯ ಒಡತಿ ಆಜಿ, ಅಂದರೆ ಅಜ್ಜಿ, ನಮ್ಮನ್ನು ನೋಡಿ ಕೋಪಿಸಿಕೊಳ್ಳಲೂ ಇಲ್ಲ, ಮರುಗಲೂ ಇಲ್ಲ. ಎರಡು ಲೋಟ ನೀರು ತಂದಿಟ್ಟು, ಮಹಡಿಯ ಎರಡು ಖೋಲಿಗಳ ಬೀಗದ ಕೈ ಕೊಟ್ಟಳು. ತೊಂಬತ್ತನೆಯ ಇಸವಿಯ ಬೇಸಿಗೆ ಅದು.

ಮನೆಯವರಿಗೆ ಚಿಂಚವಡ ಕಡೆಯ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಹಗಲು ಮಲಗುವ ವಾರಗಳಲ್ಲಿ ನಾನು ಪಾತ್ರೆ ಕೂಡ ಸದ್ದಾಗದಂತೆ ಇಡಬೇಕು. ಕೆಳಗಿನ ನಲ್ಲಿಯಲ್ಲಿ ಬೆಳಿಗ್ಗೆ ಒಂದು ತಾಸು ನೀರು, ಅದನ್ನು ಹೊತ್ತು ಇಪ್ಪತ್ತೆರಡು ಮೆಟ್ಟಿಲು ಹತ್ತಬೇಕು. ಮಾತಾಡುವುದಕ್ಕೆ ಯಾರೂ ಇಲ್ಲ. ಒಂದು ದಿನ ಸಂಜೆ ಲೆಕ್ಕ ಹಾಕಿದರೆ, ಬೆಳಗಿನಿಂದ ನಾನು ಕನ್ನಡದಲ್ಲಿ ಆಡಿದ್ದು 'ಊಟಕ್ಕ ಏಳ್ರಿ' ಅನ್ನುವ ಎರಡೇ ಮಾತು.

ಹೀಗಾದರೆ ಹುಚ್ಚು ಹಿಡಿದೀತೆಂದು ಹೆದರಿ, ಓಣಿಯ ತುದಿಯಲ್ಲಿದ್ದ ಪಿಕೋ-ಫಾಲ್ ಅಂಗಡಿಗೆ ಕೆಲಸಕ್ಕೆ ಸೇರಿದೆ. ಸೀರೆಯ ಸೆರಗಿಗೆ ಅಂಚು ಹೊಲಿಯುವುದು, ಕೆಳಗೆ ಫಾಲ್ ಹಚ್ಚುವುದು. ನಾನು ಮರಾಠಿ ಕಲಿತದ್ದು ಬಣ್ಣಗಳಿಂದ. ಹಿರವಾ ಅಂದರೆ ಹಸಿರು, ಪಿವಳಾ ಅಂದರೆ ಹಳದಿ, ಜಾಂಭಳಾ ಅಂದರೆ ನೇರಳೆ. ಆರು ತಿಂಗಳಿಗೆ ನಾನು ಎಲ್ಲ ಬಣ್ಣಗಳನ್ನೂ ಬಲ್ಲೆ. ಆದರೆ ಸುಸ್ತಾಗಿದೆ, ಬೇಸರವಾಗಿದೆ ಎಂದು ಹೇಳಲು ಬರುತ್ತಿರಲಿಲ್ಲ. ಊಟವೂ ಹಾಗೆಯೇ. ಅವರ ಬೇಳೆಯಲ್ಲಿ ಬೆಲ್ಲ, ಪಲ್ಯದಲ್ಲಿ ಸಕ್ಕರೆ. ಅವರ ಭಾಕರಿ ದಪ್ಪ, ಮೆತ್ತಗೆ. ಮುರಿದರೆ ಸದ್ದಾಗುವ ನಮ್ಮ ಕಡಕ್ ರೊಟ್ಟಿಗೆ ಅದು ದೂರದ ನೆಂಟ ಅಷ್ಟೆ.

ರೊಟ್ಟಿಯ ಸಲುವಾಗಿಯೇ ಒಂದು ಭಾನುವಾರ ಮನೆಯವರು ನನ್ನನ್ನು ನೀಲಕ್ಕನ ಖಾನಾವಳಿಗೆ ಕರೆದುಕೊಂಡು ಹೋದರು. ವಿಜಾಪುರ ಕಡೆಯ ನೀಲಕ್ಕ ಎರಡು ಖೋಲಿಯಲ್ಲಿ ನಡೆಸುತ್ತಿದ್ದ ಊಟದ ಮನೆ. ಹತ್ತು ಗಂಟೆಗೆ ಹೋದರೆ ಊಟ ಇನ್ನೂ ಆಗಿರಲಿಲ್ಲ. ಆದರೆ ಏಳೆಂಟು ಗಂಡಸರು ಆಗಲೇ ಬಂದು ಕೂತು ಜಗಳಾಡುತ್ತಿದ್ದರು. ಕನ್ನಡದಲ್ಲಿ! ಎಪ್ಪತ್ತರ ದಶಕದ ಪಿಚ್ಚರ್‌ಗಳಲ್ಲಿ ಎಲ್ಲಕ್ಕಿಂತ ಚಲೋ ಯಾವುದು ಅನ್ನುವುದು ಜಗಳ.

ಯಾಕೆ ಎಪ್ಪತ್ತರ ದಶಕವೇ ಎಂದು ನನಗೆ ತಿಳಿದದ್ದು ತಡವಾಗಿ. ಪುಣೆಯಲ್ಲಿ ಕನ್ನಡ ಸಿನಿಮಾ ಬರುವುದೇ ಅಪರೂಪ. ಅವರೆಲ್ಲ ಊರು ಬಿಟ್ಟದ್ದು ಆ ದಶಕದಲ್ಲಿ, ಇಲ್ಲವೇ ಅದರ ಹಿಂದುಮುಂದೆ. ರೈಲು ಹತ್ತಿದ ವರ್ಷಕ್ಕೆ ಪ್ರತಿಯೊಬ್ಬರ ಕನ್ನಡ ಸಿನಿಮಾ ನಿಂತುಹೋಗಿತ್ತು. ಊರಿನಲ್ಲಿ ಹೊಸ ನಾಯಕರು ಬಂದಿದ್ದರು, ಹೊಸ ಹಾಡು ಬಂದಿದ್ದವು. ಇಲ್ಲಿ ಇನ್ನೂ ಅವೇ ಹದಿನೈದಿಪ್ಪತ್ತು ಕತೆಗಳನ್ನು ತಿರುವಿ ಹಾಕುತ್ತಿದ್ದರು.

ಅವರಲ್ಲಿ ಇಬ್ಬರನ್ನು ಹೇಳಬೇಕು. ಒಬ್ಬರು ಧಾರವಾಡದ ರಾಯರು. ರೈಲ್ವೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅವರ ಮೆಚ್ಚಿನದು ಒಬ್ಬ ಪೋಸ್ಟ್‌ಮಾಸ್ತರನ ಕತೆ. ಅದರಲ್ಲಿ ಒಂದೂ ಹಾಡಿಲ್ಲ ಅನ್ನುವುದೇ ಅವರ ಹೆಮ್ಮೆ. ಇನ್ನೊಬ್ಬ ಭೀಮಣ್ಣ, ಸುರಪುರ ಕಡೆಯವನು, ಗಾರೆ ಕೆಲಸದ ಗೌಂಡಿ. ನನಗಿಂತ ಒಂದೆರಡು ವರ್ಷ ಚಿಕ್ಕವನು. ಆರು ವರ್ಷದವನಿದ್ದಾಗ ತಾಯಿಯ ಸೆರಗು ಹಿಡಿದು ಪುಣೆಗೆ ಬಂದು, ಕಟ್ಟುವ ಮನೆಗಳ ಮರಳಿನ ರಾಶಿಯಲ್ಲೇ ಬೆಳೆದವನು. ಅವನು ನೋಡಿದ್ದ ಕನ್ನಡ ಪಿಚ್ಚರ್ ಒಂದೇ ಒಂದು. ಊರಿನ ಟೆಂಟಿನಲ್ಲಿ ನೋಡಿದ್ದು. ಅದಕ್ಕೆ ಅವನು 'ದೋಣಿ ಪಿಚ್ಚರ್' ಎನ್ನುತ್ತಿದ್ದ. ಒಂದೇ ಪಿಚ್ಚರ್ ನೋಡಿದವನು ಹತ್ತು ನೋಡಿದವರ ಎದುರು ಎಷ್ಟು ಗಟ್ಟಿಯಾಗಿ ವಾದ ಮಾಡಬಲ್ಲ ಎಂಬುದನ್ನು ನಾನು ಅಲ್ಲಿ ಕಂಡೆ.

"ಕುಡುಕ ಗಂಡ ಹೊಡದು ಹೊರಗ ಹಾಕ್ತಾನ್ರಿ. ಚಂದ್ರವ್ವ ದೋಣಿ ನಡಿಸಿ ಮಕ್ಕಳನ್ನ ಸಾಕ್ತಾಳ. ಕಡೀಕ ಅಂವ ಬಂದು ಬೇಡ್ಕೋತಾನ. ಆಕಿ ದೋಣ್ಯಾಗ ಕುಂತ ಹೊಂಟೇ ಬಿಡ್ತಾಳ. ಅಂವ ದಂಡಿ ಮ್ಯಾಲ ನಿಂತ ಒದರ್ತಾನ. ಆಕಿ ತಿರುಗಿ ಸುದ್ಧಾ ನೋಡೂದಿಲ್ಲ. ಅಲ್ಲಿಗೆ ಮುಗೀತು," ಎಂದು ಅವನು ಪ್ರತಿ ಸಲ ಹೇಳುತ್ತಿದ್ದ. ಹೇಳುವಾಗ ಸುಣ್ಣ ತಿಂದ ಕೈಗಳು ಹುಟ್ಟು ಹಾಕುತ್ತಿದ್ದವು. "ನಮ್ಮವ್ವ ಆ ಪಿಚ್ಚರ್ ನೋಡೇ ನಮ್ಮಪ್ಪನ್ನ ಬಿಟ್ಟು ಬಂದಾಳ್ರಿ," ಎಂದು ಒಮ್ಮೆ ಹೇಳಿದ. ಆವತ್ತಿನ ವಾದ ಅವನೇ ಗೆದ್ದ.

ಎರಡು ವರ್ಷ ನಾನು ಆ ಭಾನುವಾರಗಳಿಗೆ ಹೋದೆ. ನೀಲಕ್ಕನ ಜೊತೆ ಒಳಗೆ ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದೆ. ವಾರವೆಲ್ಲ ಬತ್ತಿದ ಕಿವಿಗೆ ಅಷ್ಟೇ ಸಾಕಾಗುತ್ತಿತ್ತು. ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಒಂದು ಭಾನುವಾರ ಕೇಳಿದರು. ರಾಯರಿಗೆ ಆವತ್ತು ಯಾಕೋ ತಾಳ್ಮೆ ತಪ್ಪಿತ್ತು.

"ಅಲ್ಲೋ ಭೀಮಣ್ಣ, ಎಷ್ಟ ಸಲ ಕೇಳ್ಲಿ? ಅಲ್ಲಿಗೆ ಮುಗಿಯೂದಿಲ್ಲೋ. ಆಮ್ಯಾಲೆ ಆಕಿ ದೋಣಿ ತಿರುಗಿಸಿಕೊಂಡು ಬರ್ತಾಳ. ಗಂಡನ ಕಾಲಿಗೆ ಬೀಳ್ತಾಳ. ಎಲ್ಲಾರೂ ಕೂಡಿ ಒಂದ ಹಾಡ ಹಾಡ್ತಾರ. ನಾ ಮೂರು ಸಲ ನೋಡೇನಿ."

"ಸುಳ್ಳ ಹೇಳಬ್ಯಾಡ್ರಿ ಕಾಕಾರ."

"ನಾ ಸುಳ್ಳ ಹೇಳ್ತೇನಿ? ಇಲ್ಲೆ ಬ್ಯಾರೆ ಯಾರರ ನೋಡೀರೇನು?"

ಯಾರೂ ನೋಡಿರಲಿಲ್ಲ. ಭೀಮಣ್ಣ ಒಳಗಿನ ಬಾಗಿಲ ಕಡೆ ತಿರುಗಿದ. "ಅಕ್ಕಾರ, ನೀವರ ಹೇಳ್ರಿ. ನೀವು ನೋಡೀರೇನು?"

ನೋಡಿದ್ದೆ. ಗಜೇಂದ್ರಗಡದಲ್ಲಿ, ಚಿಕ್ಕವಳಿದ್ದಾಗ, ಅವ್ವನ ಜೊತೆ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಅಷ್ಟು ಜನ ಕನ್ನಡದಲ್ಲಿ ನನ್ನ ಮಾತಿಗೆ ಕಾಯುತ್ತಿದ್ದರು. ಆ ಹಿಗ್ಗಿನಲ್ಲಿ ನಾನು ಮುಂದಿನದನ್ನು ಯೋಚಿಸಲಿಲ್ಲ. "ರಾಯರು ಹೇಳೂದು ಖರೇ ಅದ. ಆಕಿ ತಿರುಗಿ ಬಂದು ಕಾಲಿಗೆ ಬೀಳ್ತಾಳ," ಅಂದೆ.

ರಾಯರು ತೊಡೆ ತಟ್ಟಿದರು. "ಕೇಳಿದ್ಯಾ? ಹಾಂಗಾದ್ರ ನಿಮ್ಮವ್ವ ಅರ್ಧಾ ಪಿಚ್ಚರ್ ನೋಡಿ ಗಂಡನ್ನ ಬಿಟ್ಟಾಳ. ಪೂರಾ ನೋಡಿದ್ರ ಮನ್ಯಾಗೇ ಇರ್ತಿದ್ಲು!"

ಒಬ್ಬಿಬ್ಬರು ನಕ್ಕರು. ಭೀಮಣ್ಣ ನಗಲಿಲ್ಲ. ಎದ್ದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟ. ಹಿಟ್ಟಿನ ಕೈಯಲ್ಲೇ ಬೀದಿಯವರೆಗೆ ಹೋಗಿ ಕೂಗಿದೆ. ತಿರುಗಲಿಲ್ಲ. ಆಮೇಲೆ ಅವನು ಬರಲಿಲ್ಲ. ಅವನಿಲ್ಲದೆ ಜಗಳಕ್ಕೆ ಕಾವಿರಲಿಲ್ಲ. ರಾಯರು ಎರಡು ಮೂರು ವಾರ ಬಂದು ಸುಮ್ಮನೆ ಊಟ ಮಾಡಿ ಹೋದರು, ಆಮೇಲೆ ಅವರೂ ಬಿಟ್ಟರು. ಮರುವರ್ಷ ಖಾನಾವಳಿಯ ಕಟ್ಟಡ ಕೆಡವಲು ತೆಗೆದುಕೊಂಡರು. ನೀಲಕ್ಕ ಊರಿಗೆ ಹೋದಳು.

ಆಮೇಲಿನ ವರ್ಷಗಳನ್ನು ಹೇಳಲು ಹೆಚ್ಚೇನಿಲ್ಲ. ಮನೆ ಬದಲಿಸಿದೆವು, ಮತ್ತೆ ಬದಲಿಸಿದೆವು. ಪ್ರತಿ ಸಲವೂ ಅದೇ ಟ್ರಂಕು, ಹೊಸ ಮೆಟ್ಟಿಲು. ಮರಾಠಿಯಲ್ಲಿ ಜಗಳಾಡುವಷ್ಟಾದೆ. ರೇಷನ್ ಕಚೇರಿಯಲ್ಲಿ ಸಾಲು ಮುರಿದ ಗಂಡಸನ್ನು ಹಿಂದಕ್ಕೆ ಕಳಿಸಿದ ದಿನ ಮನೆಗೆ ಬಂದು ಒಬ್ಬಳೇ ನಕ್ಕೆ. ಕೊನೆಗೆ, ಕಾರ್ಖಾನೆಗೆ ಹತ್ತಿರ ಎಂದು ವಾಕಡಕ್ಕೆ ಬಂದೆವು. ಆಗ ಅಲ್ಲಿ ಅರ್ಧ ಜೋಳದ ಹೊಲ, ಅರ್ಧ ಕಟ್ಟುತ್ತಿರುವ ಕಟ್ಟಡ. ಒಂದು ದಿನ ಹಾಲು ತರಲು ಹೋದಾಗ, ಪಕ್ಕದ ಕಟ್ಟಡದ ಗೋಡೆಗೆ ನೀರು ಹೊಡೆಯುತ್ತಿದ್ದವನು ಪೈಪು ಕೆಳಗಿಟ್ಟು, "ಅಕ್ಕಾರ?" ಅಂದ.

ಭೀಮಣ್ಣನ ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಅವನೇ ಹೇಳಿದ: "ಪಿಚ್ಚರ್ ಹಾಂಗ ಮುಗೀತದಂತ ಅವ್ವಗ ನಾ ಇನ್ನೂ ಹೇಳಿಲ್ರಿ. ಈಗ ಸಿಡಿ ಸಿಗ್ತಾವಂತ. ಊರಿಗೆ ಹೋದಾಗ ಹುಡುಕ್ರಿ. ನನ್ನ ಕಣ್ಣೀಲೆ ನಾ ನೋಡಬೇಕು."

ಸಿಗದಿದ್ದರೆ ಒಳ್ಳೆಯದು ಎಂದುಕೊಂಡೇ ಹುಬ್ಬಳ್ಳಿಯಲ್ಲಿ ಕೇಳಿದೆ. ಬಸ್ ನಿಲ್ದಾಣದ ಎದುರಿನ ಅಂಗಡಿಯವನು ಒಂದು ನಿಮಿಷವೂ ಹುಡುಕದೆ ತೆಗೆದುಕೊಟ್ಟ. ಎರಡು ಸಿಡಿ. ನನ್ನ ನೆನಪೇ ತಪ್ಪಿದ್ದೀತು ಎಂಬ ಆಸೆಯಿಂದ ಮನೆಯಲ್ಲಿ ಒಬ್ಬಳೇ ಹಾಕಿ ನೋಡಿದೆ. ತಪ್ಪಿರಲಿಲ್ಲ. ದೋಣಿ ತಿರುಗುವುದು, ಕಾಲಿಗೆ ಬೀಳುವುದು, ಹಾಡು, ಎಲ್ಲವೂ ಎರಡನೆಯ ಸಿಡಿಯ ಕೊನೆಗೆ ಇದ್ದವು.

ಭಾನುವಾರ ಮಧ್ಯಾಹ್ನ ಬಾ ಎಂದು ಭೀಮಣ್ಣನಿಗೆ ಹೇಳಿದ್ದೆ. ಅವನ ಹಿಂದೆ ಅವನ ತಾಯಿ ಹುಲಿಗೆವ್ವ ಇದ್ದಳು. "ನಾ ಬ್ಯಾಡಂದೆ, ಕೇಳಲಿಲ್ರಿ," ಎಂದು ಅವನು ಮುಖ ತಪ್ಪಿಸಿದ. ಆಕೆ ಕುರ್ಚಿ ಒಲ್ಲೆನೆಂದು ನೆಲಕ್ಕೆ ಕೂತಳು. ಎಡಗೈ ಮೊಣಕೈಯಿಂದ ಮುಂದೆ ಸೊಟ್ಟಗಿತ್ತು. ಮೊದಲ ಸಿಡಿ ಮುಗಿಯಿತು. ಟಿವಿ ನೀಲಿಯಾದಾಗ ನಾನು ಎದ್ದು ಎರಡನೆಯದನ್ನು ಕೈಯಲ್ಲಿ ಹಿಡಿದೆ, ಹಾಕಲು ಧೈರ್ಯ ಸಾಲಲಿಲ್ಲ. ಈ ಮುದುಕಿಯ ಇಡೀ ಬಾಳು ನಿಂತದ್ದೇ ಆ ದೋಣಿಯ ಮೇಲೆ ಎಂದು ನನ್ನ ಅಂಜಿಕೆ.

"ಇದು ಗೀರಾಗೇದ್ರಿ. ಓಡೂದಿಲ್ಲ," ಅಂದೆ.

"ಓಡಿಸಿ ನೋಡವ್ವಾ," ಅಂದಳು ಹುಲಿಗೆವ್ವ. "ಆವತ್ತೂ ಕಡೀತನಾ ನೋಡಲಿಲ್ಲ. ಬಸ್ಸು ಬಂತು, ಎದ್ದೆ."

ಭೀಮಣ್ಣ ತಾಯಿಯ ಕಡೆ ತಿರುಗಿದ. "ಏನಂದಿ?"

"ಟೆಂಟು ಬಸ್ ನಿಲ್ಲೂ ಕಡೇನ ಇತ್ತಲ್ಲೋ. ನಿಮ್ಮಪ್ಪ ಕೈ ಮುರದಿದ್ದ. ಹುಡುಕಾಕ ಬರ್ತಾನಂತ ನಿನ್ನ ಕರಕೊಂಡು ಜನರೊಳಗ ಹೊಕ್ಕು ಕುಂತೆ. ಬಸ್ಸಿನ ಹಾರನ್ ಕೇಳಿದ್ದ ತಡ ನಿನ್ನ ಜಗ್ಗಿಕೊಂಡು ಓಡಿದೆ. ನೀ ದೋಣಿ ದೋಣಿ ಅಂತ ಅಳಾಕ ಹತ್ತಿದ್ದಿ."

"ಪಿಚ್ಚರ್ ನೋಡಿ ಬಿಟ್ಟು ಬಂದಿ ಅಂತ ಅಂದಿದ್ಯಲ್ಲ?"

"ನೀ ಸಣ್ಣಾಂವ. ಕೈ ಮುರಕೊಂಡು ಬಂದೆ ಅಂತ ನಿನಗ ಹೆಂಗ ಹೇಳೂದು?"

ನಾನು ಎರಡನೆಯ ಸಿಡಿ ಹಾಕಿದೆ. ಚಂದ್ರವ್ವ ದೋಣಿ ತಿರುಗಿಸಿ ಬಂದು ಗಂಡನ ಕಾಲಿಗೆ ಬಿದ್ದಳು. ಎಲ್ಲರೂ ಹಾಡಿದರು. ಹುಲಿಗೆವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು, "ಪಾಪ, ಇಕಿಗೆ ಬಸ್ ಸಿಗಲಿಲ್ಲ ಕಾಣ್ತದ," ಅಂದಳು. ನನಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಭೀಮಣ್ಣ ಬಹಳ ಹೊತ್ತು ತಾಯಿಯ ಸೊಟ್ಟ ಕೈಯನ್ನೇ ನೋಡುತ್ತಾ ಕೂತಿದ್ದ.

ರಾಯರನ್ನು ಹುಡುಕಿಕೊಂಡು ಹೋಗಿ ಇದನ್ನೆಲ್ಲ ಹೇಳಿದವಳು ನಾನೇ. ಅವರು ಕನ್ನಡಕ ತೆಗೆದು ಕೆಳಗಿಟ್ಟರು. "ಆವತ್ತ ನಾ ಆಡಿದ ಮಾತು... ನಾ ಹಾಂಗ ಅನ್ನಬಾರದಿತ್ತವಾ," ಅಂದರು. ಮುಂದಿನ ಭಾನುವಾರ ಎರಡು ಬಸ್ಸು ಬದಲಿಸಿ, ಕೋಲೂರುತ್ತಾ ವಾಕಡಕ್ಕೆ ಬಂದರು. ಭೀಮಣ್ಣನ ತಗಡಿನ ಮನೆಯ ಮುಂದೆ ಇಟ್ಟಿಗೆಗಳ ಮೇಲೆ ಚೀಲ ಹಾಸಿ ಕೂರಿಸಿದೆವು. ಹುಲಿಗೆವ್ವನಿಗೆ ಕೈ ಮುಗಿದರು. ಆಕೆಗೆ ಯಾಕೆಂದು ತಿಳಿಯಲಿಲ್ಲ, ಚಹಾ ಕೊಟ್ಟಳು.

"ಕಡೀಕ ಕಾಲಿಗೆ ಬೀಳೂದು ಖರೇ ಅದರಿ ಕಾಕಾರ, ಒಪ್ಪಿದೆ," ಅಂದ ಭೀಮಣ್ಣ. "ಆದರ ಡೈರೆಕ್ಟರ್ ತಪ್ಪ ಮಾಡ್ಯಾನ್ರಿ."

ರಾಯರು ನೆಟ್ಟಗೆ ಕೂತರು. "ಅದು ಬ್ಯಾರೆ ವಾದ ಆತು. ಅದನ್ನ ಕುಂತ ಮಾತಾಡೂಣು."

ಒಂದು ತಾಸು ಜಗಳಾಡಿದರು. ಆ ಸಂಜೆ ರಾಯರನ್ನು ಬಸ್ಸಿಗೆ ಹತ್ತಿಸಿ ಬರುವಾಗ ನನಗೆ ಅಷ್ಟು ವರ್ಷಗಳ ದಣಿವು ಒಮ್ಮೆಲೇ ತಿಳಿಯಿತು. ಮೈಗೆ ಅಭ್ಯಾಸವಾಗಿದ್ದರಿಂದ ಅದನ್ನು ದಣಿವೆಂದೇ ಅಂದುಕೊಂಡಿರಲಿಲ್ಲ. ಮುಂದಿನ ವರ್ಷ ರಾಯರು ತೀರಿಕೊಂಡರು. ಭೀಮಣ್ಣ ಕೆಲಸ ಹುಡುಕಿಕೊಂಡು ಲೋಣಾವಳಾ ಕಡೆ ಹೋದ, ತಾಯಿಯನ್ನೂ ಕರೆದುಕೊಂಡು.

ಹೋದ ಬೇಸಿಗೆಯಲ್ಲಿ ಗಜೇಂದ್ರಗಡಕ್ಕೆ ಹೋಗಿದ್ದೆ. ಪಡಸಾಲೆಯಲ್ಲಿ ತಂಗಿಯ ಹೆಣ್ಣುಮಕ್ಕಳಿಬ್ಬರು ಜಗಳಕ್ಕೆ ಬಿದ್ದಿದ್ದರು. ತೊಂಬತ್ತರ ದಶಕದ ಪಿಚ್ಚರ್‌ಗಳಲ್ಲಿ ಎಲ್ಲಕ್ಕಿಂತ ಚಲೋ ಯಾವುದು ಅಂತ. ಅವರು ಹೇಳುತ್ತಿದ್ದ ಹೆಸರು ಒಂದೂ ನನಗೆ ಗೊತ್ತಿರಲಿಲ್ಲ.

"ದೊಡ್ಡವ್ವ, ನಿಂದ್ಯಾವುದು?" ಎಂದು ಕಿರಿಯವಳು ಕೇಳಿದಳು.

ಆ ಹತ್ತು ವರ್ಷಗಳನ್ನು ಮನಸ್ಸಿನಲ್ಲೇ ತಡಕಾಡಿದೆ. ಪಿಕೋ ಅಂಗಡಿಯ ಹೆಂಗಸರ ಜೊತೆ ನೋಡಿದ ಒಂದು ಮರಾಠಿ ಸಿನಿಮಾ ಮಾತ್ರ ಸಿಕ್ಕಿತು. ದೂರದ ಹಳ್ಳಿಯ ಶಾಲೆಯಲ್ಲಿ, ತನ್ನೂರಿಗೆ ವರ್ಗವಾಗಲೆಂದು ಕಾಯುವ ಒಬ್ಬ ಶಿಕ್ಷಕಿಯ ಕತೆ. ಅದನ್ನೇ ಹೇಳತೊಡಗಿದೆ. ನಡುವೆ ಎಲ್ಲೋ, "ಮಗ ಆಕಿ..." ಅಂದೆ.

"ಯಾರ ಮಗ?" ಅಂದಳು ಹಿರಿಯವಳು.

ಮರಾಠಿಯಲ್ಲಿ ಮಗ ಅಂದರೆ ಆಮೇಲೆ. ಹೇಳಿದೆ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಕತೆ ಮುಗಿಯುವವರೆಗೆ ಆ ಮಾತು ಬಾಯಿಗೆ ಬರದಂತೆ ಕಾದುಕೊಂಡೆ. ಕೇಳಿದ ಮೇಲೆ ಕಿರಿಯವಳು ಗಲ್ಲಕ್ಕೆ ಕೈ ಹಚ್ಚಿ, "ಚಲೋ ಐತಿ. ನಿಮ್ಮೂರಾಗ ಇಂಥಾ ಪಿಚ್ಚರ್ ಭಾಳ ಬರ್ತಾವೇನು?" ಅಂದಳು.

ನಿಮ್ಮೂರು. ನಾನು ಹುಟ್ಟಿದ್ದು ಆ ಪಡಸಾಲೆಯ ಒಳಗಿನ ಕೋಣೆಯಲ್ಲಿ. ತಂಗಿ ಅಡುಗೆ ಮನೆಯಿಂದ ನನ್ನ ಕಡೆ ನೋಡಿದಳು, ಮಗಳನ್ನು ಗದರಲೋ ಬೇಡವೋ ಎಂಬಂತೆ.

"ಹೂಂನವಾ," ಅಂದೆ. "ನಮ್ಮೂರಾಗ ಭಾಳ ಬರ್ತಾವ."